ಬರಹಗಾರರ ಬಳಗ ಸೊರಗಿದಾಗ ಏನು ಮಾಡಬೇಕು?

ಪ್ರಶ್ನೆ: ಗದಗ-ಬೆಟಗೇರಿಯಲ್ಲಿ ಕೆಲವು ವರ್ಷಗಳ ಹಿಂದೆ ನಾವು ಗೆಳೆಯರು ಸೇರಿ ಬರವಣಿಗೆಯ ಬಳಗವೊಂದನ್ನು ಕಟ್ಟಿದೆವು. ತಿಂಗಳ ಎರಡನೆಯ ರವಿವಾರ ಶಾಲೆಯೊಂದರ ಕೊಠಡಿಯಲ್ಲಿ ಕೂಡಿ, ತಂತಮ್ಮ ಕತೆ ಕವಿತೆಗಳನ್ನು ಓದಿ ಚರ್ಚಿಸುವುದು ನಮ್ಮ ಪದ್ಧತಿ. ಮೊದಮೊದಲು ಇಪ್ಪತ್ತೈದು ಜನರವರೆಗೆ ಬರುತ್ತಿದ್ದರು; ಈಗ ಆರೇಳು ಜನ ಬಂದರೆ ಹೆಚ್ಚು. ಒಮ್ಮೆ ಹಿರಿಯ ಸದಸ್ಯರೊಬ್ಬರು ಯುವತಿಯೊಬ್ಬರ ಕತೆಯನ್ನು ಎಲ್ಲರೆದುರು ಕಟುವಾಗಿ ಟೀಕಿಸಿದರು. ಆಕೆಯೂ ಆಕೆಯ ಜೊತೆಗಾರರೂ ಅಂದೇ ಬರುವುದನ್ನು ಬಿಟ್ಟರು. ಅಲ್ಲಿಂದ ಮುಂದೆ ಯಾರು ಏನು ಓದಿದರೂ ‘ಚಲೋ ಆಗೇದ’ ಎನ್ನುವುದೊಂದೇ ಉಳಿದಿದೆ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ನೂರಕ್ಕೂ ಹೆಚ್ಚು ಜನರಿದ್ದರೂ ಅಲ್ಲಿ ಶುಭೋದಯದ ಚಿತ್ರಗಳೇ ಹೆಚ್ಚು. ಸಂಘವನ್ನು ನೋಂದಾಯಿಸಿ, ಎಲ್ಲರಿಂದ ಹಣ ಕೂಡಿಸಿ ಒಂದು ಸಂಕಲನ ತಂದರೆ ಜನ ಮರಳಿ ಬರುತ್ತಾರೆ ಎಂದು ಕೆಲವರು ಹೇಳುತ್ತಾರೆ. ಕೆಲವರ ಹಣವೂ ಬಂದಿದೆ. ಬಳಗವನ್ನು ಮುಂದುವರಿಸಬೇಕೇ, ನಿಲ್ಲಿಸಬೇಕೇ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಬಳಗವನ್ನು ನಿಲ್ಲಿಸಬೇಡಿ. ಆದರೆ ಈ ವರ್ಷ ಅದನ್ನು ನೋಂದಾಯಿಸಲೂ ಬೇಡಿ, ಹಣ ಕೂಡಿಸಿ ಸಂಕಲನ ತರಲೂ ಬೇಡಿ. ಜನ ಕಡಿಮೆಯಾದರೆಂದು ನೀವು ನೊಂದುಕೊಂಡಿದ್ದೀರಿ. ನಿಮ್ಮ ಪತ್ರವನ್ನು ಓದಿದಾಗ ನನ್ನನ್ನು ಚಿಂತೆಗೆ ಹಚ್ಚಿದ ಸಂಗತಿ ಬೇರೆ: ಒಬ್ಬರ ಬರಹದ ಬಗ್ಗೆ ಇನ್ನೊಬ್ಬರು ಮನಸ್ಸಿನಲ್ಲಿದ್ದದ್ದನ್ನು ಹೇಳುವುದು ನಿಮ್ಮಲ್ಲಿ ನಿಂತುಹೋಗಿದೆ. ಬರಹಗಾರರು ಮನೆಯಲ್ಲಿ ಒಬ್ಬರೇ ಕೂತು ಮಾಡಲಾಗದ ಕೆಲಸ ಇದೊಂದೇ. ಅದಕ್ಕಾಗಿಯೇ ಬಳಗ ಬೇಕು. ಈ ಕೆಲಸ ಮತ್ತೆ ಆರಂಭವಾದರೆ ಆರು ಜನರ ಬಳಗವೂ ಜೀವಂತವಾಗಿರುತ್ತದೆ. ಅದಿಲ್ಲದಿದ್ದರೆ ಅರವತ್ತು ಜನ ಬಂದರೂ ಸಭೆ ನಡೆದೀತು, ಬರವಣಿಗೆ ಬೆಳೆಯಲಾರದು.

ಸಂಖ್ಯೆಯ ಲೆಕ್ಕವನ್ನು ಸ್ವಲ್ಪ ನೋಡೋಣ. ಎರಡೂವರೆ ತಾಸಿನ ಬೈಠಕ್ಕಿನಲ್ಲಿ ಇಪ್ಪತ್ತೈದು ಜನರಿಗೂ ಅವಕಾಶ ಕೊಡಬೇಕೆಂದರೆ ಒಬ್ಬೊಬ್ಬರ ಪಾಲಿಗೆ ಆರು ನಿಮಿಷ ಬರುತ್ತದೆ. ಆರು ನಿಮಿಷದಲ್ಲಿ ಒಂದು ಕವಿತೆಯನ್ನು ಓದಿ ಚಪ್ಪಾಳೆ ಪಡೆಯಬಹುದು; ಹತ್ತು ಪುಟದ ಕತೆಯನ್ನು ಓದಿ ಮುಗಿಸುವುದೂ ಆಗದು. ಹೀಗಾಗಿ ದೊಡ್ಡ ಬಳಗಗಳಲ್ಲಿ ಕತೆಗಾರರು ಮೊದಲು ಮೌನವಾಗುತ್ತಾರೆ, ಆಮೇಲೆ ಬರುವುದನ್ನು ಬಿಡುತ್ತಾರೆ. ಕೊನೆಗೆ ಚಿಕ್ಕ ಕವಿತೆ ಮತ್ತು ಚುಟುಕುಗಳಷ್ಟೇ ಉಳಿಯುತ್ತವೆ. ಅದೇ ಎರಡೂವರೆ ತಾಸಿನಲ್ಲಿ ಮೂರೇ ಬರಹಗಳನ್ನು ಎತ್ತಿಕೊಂಡರೆ ಒಂದೊಂದಕ್ಕೆ ನಲವತ್ತು ನಿಮಿಷ ಸಿಗುತ್ತದೆ, ಚಹಾಕ್ಕೂ ಸಮಯ ಉಳಿಯುತ್ತದೆ. ಆರರಿಂದ ಹತ್ತು ಜನರ ಬಳಗದಲ್ಲಿ ಪ್ರತಿಯೊಬ್ಬರ ಸರದಿ ಎರಡು ಮೂರು ತಿಂಗಳಿಗೊಮ್ಮೆ ಬರುತ್ತದೆ; ಒಂದು ಕತೆಯನ್ನು ಬರೆದು, ತಿದ್ದಿ ತರಲು ದುಡಿಯುವ ಮನುಷ್ಯನಿಗೆ ಬೇಕಾಗುವ ಕಾಲವೂ ಸುಮಾರಾಗಿ ಅಷ್ಟೇ. ಆದ್ದರಿಂದ ಈಗ ಉಳಿದಿರುವ ಆರೇಳು ಜನರನ್ನು ಅಳಿದುಳಿದವರೆಂದು ನೋಡಬೇಡಿ. ಕೆಲಸ ಮಾಡುವ ಬಳಗಕ್ಕೆ ತಕ್ಕ ಗಾತ್ರ ನಿಮಗೆ ತಾನಾಗಿ ಒದಗಿದೆ.

ನಮ್ಮ ಭಾಗದ ಸಾಹಿತ್ಯ ಚರಿತ್ರೆಯೂ ಇದನ್ನೇ ಹೇಳುತ್ತದೆ. 1920ರ ದಶಕದ ಧಾರವಾಡದಲ್ಲಿ ದ. ರಾ. ಬೇಂದ್ರೆಯವರ ಸುತ್ತ ಕಟ್ಟಿಕೊಂಡ ಗೆಳೆಯರ ಗುಂಪನ್ನು ನೆನೆಯುವಾಗ ನಾವು ಅದರಿಂದ ಹೊರಬಂದ ದೊಡ್ಡ ಹೆಸರುಗಳನ್ನು ಮಾತ್ರ ನೆನೆಯುತ್ತೇವೆ. ಆದರೆ ಅವರು ಕೂಡುತ್ತಿದ್ದ ಕಾಲದಲ್ಲಿ ಅವರಲ್ಲಿ ಹೆಚ್ಚಿನವರು ಶಾಲಾ ಮಾಸ್ತರರು, ವಿದ್ಯಾರ್ಥಿಗಳು, ನಾಳೆಯ ಸಂಬಳದ ಖಾತ್ರಿಯಿಲ್ಲದವರು. ಶಂ. ಬಾ. ಜೋಶಿ, ಬೆಟಗೇರಿ ಕೃಷ್ಣಶರ್ಮ, ರಂ. ಶ್ರೀ. ಮುಗಳಿ, ಎನ್ಕೆ (ಎನ್. ಕೆ. ಕುಲಕರ್ಣಿ) ಮೊದಲಾದವರು ಒಬ್ಬರು ಬರೆದದ್ದನ್ನು ಒಬ್ಬರು ಕೇಳುವ, ಅದಕ್ಕೆ ಎದುರಾಡುವ ವಾತಾವರಣ ಅಲ್ಲಿತ್ತು. ಹಾವೇರಿ ಜಿಲ್ಲೆಯ ಸವಣೂರಿನಿಂದ ಓದಲು ಬಂದಿದ್ದ ವಿ. ಕೃ. ಗೋಕಾಕರು ಆಗ ಇಂಗ್ಲಿಷಿನಲ್ಲಿ ಕವಿತೆ ಬರೆಯುತ್ತಿದ್ದರು. ಅವರನ್ನು ಕನ್ನಡದತ್ತ ತಿರುಗಿಸಿದ್ದು ಬೇಂದ್ರೆಯವರ ಒಡನಾಟ. ಕವಿತೆ ಚೆನ್ನಾಗಿದೆ ಎಂದಷ್ಟೇ ಹೇಳಿ ಬೆನ್ನು ತಟ್ಟುವ ಬಳಗ ಅದಾಗಿದ್ದರೆ ಅಂಥ ತಿರುವು ಸಾಧ್ಯವಾಗುತ್ತಿರಲಿಲ್ಲ. ಆ ಗುಂಪಿಗೆ ಕೈಯಲ್ಲಿ ಕೆಲಸವೂ ಇತ್ತು: ಆಲೂರು ವೆಂಕಟರಾಯರು 1922ರಲ್ಲಿ ಆರಂಭಿಸಿದ್ದ ‘ಜಯಕರ್ನಾಟಕ’ ಪತ್ರಿಕೆಗೆ ಮುಂದೆ ಈ ಗೆಳೆಯರೇ ಹೆಗಲು ಕೊಟ್ಟರು.

ಆ ಗುಂಪೂ ಸದಾಕಾಲ ಒಂದೇ ಹುರುಪಿನಲ್ಲಿ ಇರಲಿಲ್ಲ ಎಂಬುದು ನಿಮ್ಮ ಪ್ರಶ್ನೆಗೆ ಇನ್ನೂ ಹತ್ತಿರದ ಸಂಗತಿ. ಬೇಂದ್ರೆಯವರು ಕವಿತೆಯೊಂದರ ಕಾರಣಕ್ಕೆ 1932ರಲ್ಲಿ ಸೆರೆಮನೆ ಕಂಡರು. ಗೋಕಾಕರು 1936ರಲ್ಲಿ ಆಕ್ಸ್‌ಫರ್ಡಿಗೆ ಹೋದರು. ಮುಗಳಿಯವರು ಸಾಂಗಲಿಯ ಕಾಲೇಜಿನಲ್ಲಿ ನಿಂತರು. 1944ರಿಂದ 1956ರವರೆಗೆ ಬೇಂದ್ರೆಯವರೇ ಸೊಲ್ಲಾಪುರದಲ್ಲಿ ಪಾಠ ಹೇಳುತ್ತಿದ್ದರು. ಹೊಟ್ಟೆಪಾಡು ಎಲ್ಲರನ್ನೂ ಚದುರಿಸಿತು. ಚದುರಿದ ಮೇಲೂ ಅವರು ಪರಸ್ಪರರಿಗಾಗಿಯೇ ಬರೆಯುತ್ತಿದ್ದರೆಂದು ಹೇಳಿದರೆ ತಪ್ಪಾಗದು. ಯಾವ ಸಾಲನ್ನು ಓದಿ ಯಾರು ಹುಬ್ಬೇರಿಸುತ್ತಾರೆಂಬುದು ಪ್ರತಿಯೊಬ್ಬರಿಗೂ ತಿಳಿದಿತ್ತು. 1964ರಲ್ಲಿ ಧಾರವಾಡದಲ್ಲಿಯೇ ಚಂದ್ರಶೇಖರ ಪಾಟೀಲ, ಗಿರಡ್ಡಿ ಗೋವಿಂದರಾಜ, ಸಿದ್ಧಲಿಂಗ ಪಟ್ಟಣಶೆಟ್ಟಿ ಎಂಬ ಮೂವರು ತರುಣರು ‘ಸಂಕ್ರಮಣ’ ಪತ್ರಿಕೆಯನ್ನು ಆರಂಭಿಸಿದರು. ಮುಂದೆ ಅವರ ದಾರಿಗಳು ಬೇರೆಯಾದವು, ಪತ್ರಿಕೆಯನ್ನು ಪಾಟೀಲರು ಹಲವು ದಶಕ ನಡೆಸಿದರು. ಮೂವರೂ ತಂತಮ್ಮ ದಾರಿಯಲ್ಲಿ ಗಟ್ಟಿ ಬರಹಗಾರರಾಗಿಯೇ ಬೆಳೆದರು. ಜನ ಬಿಟ್ಟುಹೋದರೆಂದ ಮಾತ್ರಕ್ಕೆ ಬಳಗ ಸೋತಿತೆಂದು ತೀರ್ಮಾನಿಸುವ ಮೊದಲು, ಬಿಟ್ಟುಹೋದವರು ಬರೆಯುತ್ತಿದ್ದಾರೆಯೇ ಎಂದು ನೋಡಬೇಕು. ನಿಮ್ಮಲ್ಲಿಂದ ಹೋದ ಹದಿನೆಂಟು ಇಪ್ಪತ್ತು ಜನರಲ್ಲಿ ಇಬ್ಬರು ಮೂವರು ಬರೆಯುತ್ತಿದ್ದರೂ ಮೊದಲ ವರ್ಷಗಳ ನಿಮ್ಮ ಶ್ರಮ ವ್ಯರ್ಥವಾಗಿಲ್ಲ.

ಈಗ ಆ ಕಹಿ ಪ್ರಸಂಗಕ್ಕೆ ಬರುತ್ತೇನೆ. ನಿಮ್ಮ ಪತ್ರದ ಗಂಟು ಇರುವುದು ಅಲ್ಲಿ. ಹಿರಿಯರು ಹೇಳಿದ್ದು ಸರಿಯೋ ತಪ್ಪೋ ಎಂಬ ಚರ್ಚೆಗೆ ಇಳಿಯಬೇಡಿ. ಅದು ಎಂದೂ ಮುಗಿಯದು. ಅವರು ಹೇಳಿದ್ದರಲ್ಲಿ ತಥ್ಯವಿದ್ದಿರಲೂಬಹುದು. ಆದರೆ ಟೀಕೆಗೆ ಒಂದು ಪದ್ಧತಿಯನ್ನು ಬಳಗ ಮೊದಲೇ ಗೊತ್ತುಮಾಡಿರದಿದ್ದರೆ ಮಾತು ಬರಹವನ್ನು ದಾಟಿ ಬರೆದವರ ಮೇಲೆ ಬೀಳುವುದು ಸಹಜ. ಕಿವಿಯಿಂದ ಒಮ್ಮೆ ಕೇಳಿದ ಕತೆಯ ಮೇಲೆ ಕೂಡಲೇ ಅಭಿಪ್ರಾಯ ಹೇಳಬೇಕಾದಾಗ ಯಾರಿಗೂ ನಿರ್ದಿಷ್ಟವಾದ ಸಾಲು ನೆನಪಿರುವುದಿಲ್ಲ. ಒಟ್ಟಾರೆ ಅನಿಸಿಕೆ ಮಾತ್ರ ನೆನಪಿರುತ್ತದೆ, ಮತ್ತು ಅದು ಹೊಗಳಿಕೆಯಾಗಿಯೋ ತಿರಸ್ಕಾರವಾಗಿಯೋ ಹೊರಬರುತ್ತದೆ. ನಿಮ್ಮಲ್ಲಿ ಮೊದಲು ತಿರಸ್ಕಾರ ಬಂತು, ಆಮೇಲೆ ಅದರ ಭಯದಿಂದ ಹೊಗಳಿಕೆ ಬಂತು. ಮೂಲ ಒಂದೇ.

ಇದಕ್ಕೆ ನಾನು ಸೂಚಿಸುವ ಪದ್ಧತಿ ಹೀಗಿದೆ. ಮುಂದಿನ ಬೈಠಕ್ಕಿಗೆ ಯಾರ ಬರಹಗಳಿವೆಯೋ ಅವರು ಒಂದು ವಾರ ಮೊದಲೇ ಪ್ರತಿಗಳನ್ನು ಎಲ್ಲರಿಗೂ ತಲುಪಿಸಬೇಕು. ಎಲ್ಲರೂ ಅದನ್ನು ಮನೆಯಲ್ಲಿ ಎರಡು ಸಲ ಓದಿ, ಪೆನ್ಸಿಲ್ಲಿನಿಂದ ಅಂಚಿನಲ್ಲಿ ಗುರುತು ಮಾಡಿಕೊಂಡು ಬರಬೇಕು. ಓದದೆ ಬಂದವರು ಅಂದು ಕೇಳುವವರಾಗಿ ಮಾತ್ರ ಕೂಡಬೇಕು. ಬೈಠಕ್ಕಿನಲ್ಲಿ ಬರಹದ ಒಂದು ಪುಟವನ್ನು ಬರೆದವರ ಬದಲು ಇನ್ನೊಬ್ಬರು ಗಟ್ಟಿಯಾಗಿ ಓದಲಿ. ಇದರ ಪ್ರಯೋಜನ ಬಹಳ ದೊಡ್ಡದು: ತಾನು ಬರೆದ ವಾಕ್ಯ ಇನ್ನೊಬ್ಬರ ನಾಲಗೆಯಲ್ಲಿ ಎಲ್ಲಿ ಎಡವುತ್ತದೆಂಬುದನ್ನು ಬರೆದವರು ತಮ್ಮ ಕಿವಿಯಿಂದಲೇ ಕೇಳುತ್ತಾರೆ, ಯಾರೂ ಟೀಕಿಸುವ ಮೊದಲೇ. ಅನಂತರ ಬರೆದವರು ಅರ್ಧ ತಾಸು ಸುಮ್ಮನಿರಬೇಕು. ‘ನಾನು ಹೇಳಹೊರಟದ್ದು ಇದು’ ಎಂಬ ವಿವರಣೆಗೆ ಆಗ ಅವಕಾಶವಿರಕೂಡದು, ಏಕೆಂದರೆ ಅಚ್ಚಾದ ಕತೆಯ ಜೊತೆ ಕತೆಗಾರರು ಓದುಗರ ಮನೆಗೆ ಹೋಗಲಾರರು.

ಮಾತಾಡುವವರು ಮೊದಲು ತಮಗೆ ಕತೆ ಏನೆಂದು ಕಂಡಿತು ಎಂಬುದನ್ನು ಹೇಳಬೇಕು. ಸರಿ ತಪ್ಪುಗಳ ಮಾತು ಆಮೇಲೆ. ಕತೆ ಯಾರದ್ದು, ಅವರಿಗೆ ಬೇಕಾದದ್ದೇನು, ಅಡ್ಡ ಬಂದದ್ದೇನು ಎಂದು ಮೂವರು ಮೂರು ರೀತಿ ಹೇಳಿದರೆ, ಕತೆಯಲ್ಲಿ ಎಲ್ಲಿ ಮಸುಕಿದೆಯೆಂದು ಬರೆದವರಿಗೆ ಆಗಲೇ ತಿಳಿದುಬಿಡುತ್ತದೆ. ಅದರ ಮುಂದೆ ಪ್ರತಿಯೊಂದು ಮಾತಿಗೂ ಪುಟ ಮತ್ತು ಸಾಲನ್ನು ತೋರಿಸಬೇಕೆಂಬುದು ಕಡ್ಡಾಯವಾಗಿರಲಿ. ಉದಾಹರಣೆಗೆ, ಬೆಟಗೇರಿಯ ನೇಕಾರ ಮನೆಯ ಮಗಳೊಬ್ಬಳು ಹುಬ್ಬಳ್ಳಿಯಲ್ಲಿ ಕೆಲಸಕ್ಕೆ ಸೇರಬೇಕೆಂದು ಹಟ ಹಿಡಿಯುವ ಕತೆಯೊಂದು ನಿಮ್ಮ ಮುಂದಿದೆ ಎಂದಿಟ್ಟುಕೊಳ್ಳಿ. ‘ಇದು ಕತೆಯಲ್ಲ, ಪತ್ರಿಕಾ ವರದಿ’ ಎಂದರೆ ಬರೆದಾಕೆ ನೋಯುತ್ತಾಳೆ, ಆದರೆ ಏನು ತಿದ್ದಬೇಕೆಂದು ಆಕೆಗೆ ತಿಳಿಯುವುದಿಲ್ಲ. ಅದನ್ನೇ ‘ಮೊದಲ ಮೂರು ಪುಟದಲ್ಲಿ ಅಪ್ಪ ಒಂದು ಮಾತನ್ನೂ ಆಡಿಲ್ಲ, ನಾಲ್ಕನೆಯ ಪುಟದಲ್ಲಿ ಆತ ಮಗ್ಗ ನಿಲ್ಲಿಸಿ ಎದ್ದು ಬಂದು ಬೈಯುವಾಗ, ಆ ಸಿಟ್ಟು ಮಗಳ ಮೇಲಿನದೋ, ಮಾರಾಟವಾಗದೆ ಉಳಿದ ಸೀರೆಗಳ ಮೇಲಿನದೋ ನನಗೆ ಗೊತ್ತಾಗಲಿಲ್ಲ’ ಎಂದು ಹೇಳಿದರೆ, ಆಕೆ ಮನೆಗೆ ಹೋಗಿ ಎರಡನೆಯ ಪುಟದಲ್ಲಿ ಅಪ್ಪನಿಗೊಂದು ಸಣ್ಣ ಸನ್ನಿವೇಶವನ್ನು ಬರೆಯಬಲ್ಲಳು. ಎರಡೂ ಟೀಕೆಗಳು ಬಹುಶಃ ಒಂದೇ ದೋಷವನ್ನು ಕಂಡು ಹುಟ್ಟಿದಂಥವು.

ನಮ್ಮ ಭಾಗದ ಬರಹಗಾರರಲ್ಲಿ ಮತ್ತೆ ಮತ್ತೆ ಕಾಣುವ ತೊಡಕೊಂದನ್ನು ಇಲ್ಲಿ ವಿಶೇಷವಾಗಿ ಹೇಳಬೇಕು. ಒಂದೇ ಕತೆಯಲ್ಲಿ ಅಜ್ಜಿ ಮೊದಲ ಪುಟದಲ್ಲಿ ‘ಉಂಡು ಹೋಗವಾ’ ಎನ್ನುತ್ತಾಳೆ, ನಾಲ್ಕನೆಯ ಪುಟದಲ್ಲಿ ‘ನೀನು ಊಟ ಮುಗಿಸಿಕೊಂಡು ಹೊರಡಬೇಕು’ ಎನ್ನುತ್ತಾಳೆ. ಬರೆಯುವವರು ದುಃಖದ ಅಥವಾ ಗಂಭೀರವಾದ ಪ್ರಸಂಗ ಬಂದ ಕೂಡಲೇ ತಿಳಿಯದೆಯೇ ಪಠ್ಯಪುಸ್ತಕದ ಕನ್ನಡಕ್ಕೆ ಜಾರುತ್ತಾರೆ, ಮನೆಮಾತು ತಮಾಷೆಗೆ ಮಾತ್ರ ಸಾಕೆಂಬ ಭಾವನೆ ಒಳಗೆಲ್ಲೋ ಉಳಿದಿರುತ್ತದೆ. ಧಾರವಾಡದ ಆಡುಮಾತಿನಲ್ಲಿ ಎಂಥ ಆಳವಾದ ನೋವನ್ನೂ ತತ್ವವನ್ನೂ ಹೇಳಬಹುದೆಂದು ಬೇಂದ್ರೆಯವರೇ ತೋರಿಸಿಕೊಟ್ಟ ನೆಲದಲ್ಲಿ ಈ ಅಳುಕು ಇರಬಾರದು. ಇಂಥ ಜಾಗಗಳನ್ನು ಹುಡುಕಿ ತೋರಿಸುವುದು ಬಳಗದಿಂದ ಮಾತ್ರ ಆಗುವ ಕೆಲಸ. ಬೇರೆ ಸೀಮೆಯ ಓದುಗರಿಗೆ ಆ ವ್ಯತ್ಯಾಸ ಅಷ್ಟು ಬೇಗ ಕಿವಿಗೆ ಬೀಳುವುದಿಲ್ಲ, ಗದಗಿನವರಿಗೆ ಕೂಡಲೇ ಬೀಳುತ್ತದೆ.

ಹೊಗಳಿಕೆಗೂ ಇದೇ ನಿಯಮ ಅನ್ವಯಿಸಲಿ. ಯಾವ ಸಾಲು, ಏಕೆ ಹಿಡಿಸಿತು ಎಂದು ಹೇಳಿದರೆ ಮಾತ್ರ ಬರೆದವರಿಗೆ ತಮ್ಮ ಶಕ್ತಿ ಎಲ್ಲಿದೆಯೆಂದು ತಿಳಿಯುತ್ತದೆ. ‘ಚಲೋ ಆಗೇದ’ ಎಂಬ ಮಾತಿನಲ್ಲಿ ಪ್ರೀತಿ ಇದೆ, ನೆರವಿಲ್ಲ.

ಆ ಹಿರಿಯರನ್ನು ದೂರ ಮಾಡಬೇಡಿ. ಸಣ್ಣ ಊರುಗಳ ಬಳಗಗಳಲ್ಲಿ ಹಳಗನ್ನಡವನ್ನೂ ನಡುಗನ್ನಡವನ್ನೂ ಓದಿ ಅರ್ಥ ಹೇಳಬಲ್ಲ ಹಿರಿಯರು ಇರುವುದೇ ಅಪರೂಪವಾಗುತ್ತಿದೆ. ನಿಮ್ಮ ಊರು ವೀರನಾರಾಯಣನ ಗುಡಿಯ ಊರು, ಕುಮಾರವ್ಯಾಸನು ತನ್ನ ಭಾರತವನ್ನು ಬರೆದನೆಂದು ನಾಡು ನಂಬುವ ಊರು. ಅವರಿಗೆ ಈ ಕಡೆ ಒಲವಿದ್ದರೆ, ಪ್ರತಿ ಬೈಠಕ್ಕಿನ ಮೊದಲ ಇಪ್ಪತ್ತು ನಿಮಿಷವನ್ನು ಅವರಿಗೆ ಒಪ್ಪಿಸಿ, ಒಂದೆರಡು ಷಟ್ಪದಿಗಳನ್ನು ಓದಿ ಬಿಡಿಸಿ ತೋರಿಸಲು ವಿನಂತಿಸಿಕೊಳ್ಳಿ; ಹನ್ನೆರಡನೆಯ ಶತಮಾನದ ವಚನವಾದರೂ ಸರಿ, ಜನಪದ ಹಾಡಾದರೂ ಸರಿ. ಹಿರಿಯರ ತಿಳಿವಳಿಕೆಗೆ ಬಳಗದಲ್ಲಿ ಗೌರವದ ಜಾಗ ಸಿಕ್ಕಾಗ, ಕಿರಿಯರ ಬರಹದ ಮೇಲೆ ಅದನ್ನು ಪ್ರಯೋಗಿಸುವ ಅಗತ್ಯ ಅವರಿಗೆ ಅಷ್ಟಾಗಿ ಬೀಳುವುದಿಲ್ಲ. ಜೊತೆಗೆ, ಚರ್ಚೆ ನಡೆಸುವ ಹೊಣೆ ಒಬ್ಬರಲ್ಲೇ ಉಳಿಯದೆ ತಿಂಗಳಿಗೊಬ್ಬರಂತೆ ಸರದಿಯಲ್ಲಿ ಬರಲಿ. ಕಾಲೇಜು ವಿದ್ಯಾರ್ಥಿಯೊಬ್ಬ ಚರ್ಚೆ ನಡೆಸುವ ದಿನ, ನಿವೃತ್ತ ಪ್ರಾಧ್ಯಾಪಕರೂ ಅವನ ಅನುಮತಿ ಪಡೆದೇ ಮಾತಾಡಬೇಕು.

ಬಿಟ್ಟುಹೋದ ಯುವತಿಯ ವಿಷಯದಲ್ಲಿ, ಬಳಗದ ಪರವಾಗಿ ಇಬ್ಬರು ಹೋಗಿ ಮಾತಾಡಿಸಿ ಬನ್ನಿ. ಅವರಲ್ಲಿ ಒಬ್ಬರು ಹೆಣ್ಣುಮಗಳಾಗಿದ್ದರೆ ಒಳ್ಳೆಯದು. ‘ಆದದ್ದು ಆಯಿತು, ಮರೆತು ಬನ್ನಿ’ ಎಂದು ಕರೆಯಬೇಡಿ. ಟೀಕೆಯ ಪದ್ಧತಿಯನ್ನು ಬದಲಿಸಿದ್ದೇವೆ, ಹೀಗೆ ಹೀಗೆ ನಡೆಸುತ್ತಿದ್ದೇವೆ ಎಂದು ತಿಳಿಸಿ, ತೀರ್ಮಾನವನ್ನು ಆಕೆಗೆ ಬಿಡಿ. ಎಲ್ಲರೆದುರು ರಾಜಿ ಮಾಡಿಸುವ ಉತ್ಸಾಹ ಕೆಲವರಲ್ಲಿ ಇರುತ್ತದೆ. ಅದರಿಂದ ನೋವು ಎರಡನೆಯ ಸಲ ಪ್ರದರ್ಶನಕ್ಕೆ ಬಂದಂತಾಗುತ್ತದೆ. ಸಮಯದ ಕಡೆಗೂ ಗಮನವಿರಲಿ. ರವಿವಾರ ಮುಂಜಾನೆ ಹತ್ತಕ್ಕೆ ಬೈಠಕ್ ಇಟ್ಟರೆ, ಮನೆಮಂದಿಯೆಲ್ಲ ಊಟಕ್ಕೆ ಇರುವ ದಿನ, ಅಡುಗೆಮನೆಯ ಹೊಣೆ ಹೊತ್ತವರು ಬರುವುದು ಹೇಗೆ? ಮಧ್ಯಾಹ್ನ ಮೂರರಿಂದ ಐದೂವರೆಯ ಸಮಯದಲ್ಲಿ, ಕತ್ತಲಾಗುವ ಮೊದಲು ಮುಗಿಯುವಂತೆ ಇಟ್ಟರೆ ಬರುವವರ ಬಗೆಯೇ ಬದಲಾಗುವುದನ್ನು ಹಲವು ಕಡೆ ಕಂಡಿದ್ದೇನೆ. ಸುತ್ತಲಿನ ಹಳ್ಳಿಗಳಿಂದ ಬಸ್ಸಿನಲ್ಲಿ ಬರುವವರಿಗೂ ಈ ಹೊತ್ತು ಅನುಕೂಲ.

ಬರಹಗಳೇ ಬಾರದ ತಿಂಗಳುಗಳೂ ಇರುತ್ತವೆ, ಅದನ್ನು ಕಂಡು ಗಾಬರಿಯಾಗಬೇಡಿ. ಮಾಸ್ತರರೂ ವಿದ್ಯಾರ್ಥಿಗಳೂ ಹೆಚ್ಚಾಗಿರುವ ಬಳಗದಲ್ಲಿ ಮಾರ್ಚ್ ಪರೀಕ್ಷೆಗೆ ಹೋಗುತ್ತದೆ, ಮೇ ತಿಂಗಳು ಮದುವೆಗಳಿಗೆ ಹೋಗುತ್ತದೆ. ಒಕ್ಕಲು ಮನೆಯವರಿಗೆ ಮುಂಗಾರಿನ ಬಿತ್ತನೆ ಮುಗಿಯುವವರೆಗೆ ಕಾಗದ ಹಿಡಿಯಲು ಪುರಸೊತ್ತಿರುವುದಿಲ್ಲ. ವರ್ಷದ ಆರಂಭದಲ್ಲೇ ಇಂಥ ತಿಂಗಳುಗಳನ್ನು ಗುರುತಿಸಿ, ಆಗ ಅಚ್ಚಾದ ಒಂದು ಒಳ್ಳೆಯ ಕತೆಯನ್ನೋ ಕವಿತೆಯನ್ನೋ ಎತ್ತಿಕೊಂಡು ಅದನ್ನು ಹೇಗೆ ಕಟ್ಟಲಾಗಿದೆಯೆಂದು ಸಾಲುಸಾಲಾಗಿ ಓದಿ. ಓದದ ಬರಹಗಾರರ ಬಳಗ ಎಷ್ಟೇ ಸ್ನೇಹದ್ದಾಗಿದ್ದರೂ ಎರಡು ಮೂರು ವರ್ಷಗಳಲ್ಲಿ ತನ್ನನ್ನೇ ತಾನು ಪುನರಾವರ್ತಿಸತೊಡಗುತ್ತದೆ. ನಿಮ್ಮ ಇಳಿತ ಮೂರನೆಯ ವರ್ಷದ ಸುಮಾರಿಗೆ ಆರಂಭವಾಗಿದ್ದರೆ ಇದೂ ಒಂದು ಕಾರಣವಿರಬಹುದು.

ಬಳಗವನ್ನು ಹಿಡಿದಿಡುವ ಇನ್ನೊಂದು ಶಕ್ತಿ, ಎಲ್ಲರೂ ಸೇರಿ ಮಾಡುವ ಒಂದು ಕೆಲಸ. ವಿಜಯಪುರ ಜಿಲ್ಲೆಯ ಹಲಸಂಗಿ ಎಂಬ ಹಳ್ಳಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಪಿ. ಧೂಲಾ, ಕಾಪಸೆ ರೇವಪ್ಪ ಮೊದಲಾದ ಗೆಳೆಯರು ಹೆಣ್ಣುಮಕ್ಕಳ ಬಾಯಲ್ಲಿದ್ದ ಹಾಡುಗಳನ್ನು ಸಂಗ್ರಹಿಸಿ 1931ರಲ್ಲಿ ‘ಗರತಿಯ ಹಾಡು’ ಹೊರತಂದರು. ಅವರ ಸ್ವಂತ ಬರವಣಿಗೆಗೂ ಆ ಹಾಡುಗಳ ಲಯ, ನುಡಿಗಟ್ಟು ಒಳಗಿಂದ ನೀರೆರೆದವು. ಗದಗ-ಬೆಟಗೇರಿಯಲ್ಲಿ ಅಂಥ ಕೆಲಸಕ್ಕೆ ಬರವಿಲ್ಲ. ಮುದ್ರಣಕ್ಕೆ ಹೆಸರಾದ ನಿಮ್ಮ ಊರಿನಲ್ಲಿ, ಅಚ್ಚಿನ ಮೊಳೆಗಳನ್ನು ಕೈಯಿಂದ ಜೋಡಿಸುತ್ತಿದ್ದ ಹಿರಿಯರು ಇನ್ನೂ ಇದ್ದಾರೆ. ಕಂಪ್ಯೂಟರ್ ಬಂದ ಮೇಲೆ ಅವರ ಕಸುಬಿನ ಮಾತುಗಳು ಅವರೊಂದಿಗೇ ಹೋಗುತ್ತಿವೆ. ಮಗ್ಗದ ಮನೆಗಳಲ್ಲಿ ಮಾತ್ರ ಬಳಕೆಯಲ್ಲಿರುವ ನೂರಾರು ಶಬ್ದಗಳಿವೆ. ಒಬ್ಬೊಬ್ಬ ಸದಸ್ಯರು ಒಬ್ಬೊಬ್ಬ ಹಿರಿಯರ ಬಳಿ ಕೂತು, ಅವರ ಅನುಮತಿ ಪಡೆದು, ಅವರ ಮಾತಿನಲ್ಲೇ ಬರೆದುಕೊಂಡು ಬಂದರೆ, ಬರಹ ಬಾರದ ತಿಂಗಳಲ್ಲೂ ಬೈಠಕ್ಕಿಗೆ ಸರಕು ಇರುತ್ತದೆ. ಇದನ್ನು ನಾನು ತುಂಬ ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ಈ ಕೆಲಸವನ್ನು ಹತ್ತು ವರ್ಷ ಮುಂದೂಡಿದರೆ ಮಾಡಲು ಉಳಿಯುವುದಿಲ್ಲ.

ವಾಟ್ಸ್‌ಆ್ಯಪ್ ಗುಂಪನ್ನು ಹಾಗೆಯೇ ಇರಗೊಡಿ. ಬರುವವರಿಗಾಗಿ ಬೇರೊಂದು ಚಿಕ್ಕ ಗುಂಪನ್ನು ಮಾಡಿಕೊಂಡು ಅದರಲ್ಲಿ ತಾರೀಖು ಮತ್ತು ಪ್ರತಿಗಳನ್ನು ಮಾತ್ರ ಹಂಚಿ. ಚರ್ಚೆಯನ್ನು ಅಲ್ಲಿ ನಡೆಸಬೇಡಿ. ಮುಖ ಕಾಣದ ಕಡೆ ಅರ್ಧ ವಾಕ್ಯದ ಟೀಕೆ ಎರಡು ಪಟ್ಟು ಚುಚ್ಚುತ್ತದೆ.

ಸಂಕಲನದ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ಹಣ ಕೊಟ್ಟವರ ಬರಹವನ್ನೆಲ್ಲ ಸೇರಿಸಿ ತರುವ ಪುಸ್ತಕದಲ್ಲಿ ಆಯ್ಕೆ ಇರುವುದಿಲ್ಲ. ಹಣ ಪಡೆದ ಮೇಲೆ ಯಾರ ಬರಹವನ್ನು ತಿರಸ್ಕರಿಸಲು ಸಾಧ್ಯ, ಯಾರ ಸಾಲನ್ನು ತಿದ್ದಲು ಸಾಧ್ಯ? ಬಿಡುಗಡೆಯ ದಿನ ಸಭಾಂಗಣ ತುಂಬುತ್ತದೆ, ಶಾಲು ಹಾರಗಳಾಗುತ್ತವೆ. ಆಮೇಲೆ ಪ್ರತಿಯೊಬ್ಬರ ಮನೆಯ ಅಟ್ಟದ ಮೇಲೆ ಪುಸ್ತಕಗಳ ಕಟ್ಟು ಉಳಿಯುತ್ತದೆ, ಮತ್ತು ಬಳಗದ ಮುಂದಿನ ಗುರಿ ಏನೆಂಬ ಪ್ರಶ್ನೆಗೆ ಉತ್ತರ ಇನ್ನೂ ಕಷ್ಟವಾಗಿರುತ್ತದೆ. ಇನ್ನೊಂದು ತೊಂದರೆಯನ್ನು ತರುಣ ಸದಸ್ಯರಿಗೆ ನೀವು ಮೊದಲೇ ತಿಳಿಸಬೇಕು. ಪತ್ರಿಕೆಗಳ ಕಥಾಸ್ಪರ್ಧೆಗಳು ಸಾಮಾನ್ಯವಾಗಿ ಎಲ್ಲಿಯೂ ಪ್ರಕಟವಾಗದ ಕತೆಯನ್ನೇ ಕೇಳುತ್ತವೆ. ಸಂಕಲನದಲ್ಲಿ ಅಚ್ಚಾದ ಕತೆಗೆ ಅಲ್ಲಿ ಪ್ರವೇಶವಿರುವುದಿಲ್ಲ, ಸಾಮಾಜಿಕ ಜಾಲತಾಣದಲ್ಲಿ ಹಾಕಿದ್ದನ್ನೂ ಹಲವರು ಪ್ರಕಟಿತವೆಂದೇ ಎಣಿಸುತ್ತಾರೆ. ಒಂದು ಒಳ್ಳೆಯ ಕತೆಯ ಮೊದಲ ಪ್ರಕಟಣೆಯನ್ನು, ನೂರು ಜನರೂ ಓದದ ಪುಸ್ತಕಕ್ಕೆ ಕೊಟ್ಟುಬಿಡುವುದು ಆ ಕತೆಗೆ ಮಾಡುವ ಅನ್ಯಾಯ.

ಅದರ ಬದಲು ಮೂರು ತಿಂಗಳಿಗೊಂದು ಕೈಬರಹದ ಅಥವಾ ಝೆರಾಕ್ಸ್ ಪ್ರತಿಯ ಪತ್ರಿಕೆ ಮಾಡಿ. ಮೂವತ್ತೆರಡು ಪುಟ ಮೀರದಿರಲಿ. ಇಬ್ಬರು ಸಂಪಾದಕರಿರಲಿ, ಅವರೂ ಸರದಿಯಲ್ಲಿ ಬದಲಾಗಲಿ. ಬೈಠಕ್ಕಿನಲ್ಲಿ ಚರ್ಚೆಯಾಗಿ, ತಿದ್ದಿದ ಮೇಲೆ ಮರಳಿ ಬಂದ ಬರಹ ಮಾತ್ರ ಅದರಲ್ಲಿ ಬರಲಿ. ಒಳಗಿನವರಿಗಷ್ಟೇ ಹಂಚುವ ಈ ಪತ್ರಿಕೆಯಿಂದ ಯಾವ ಸ್ಪರ್ಧೆಗೂ ಬಾಧಕವಾಗದಂತೆ, ಸ್ಪರ್ಧೆಗೆ ಕಳಿಸಬೇಕೆಂದಿರುವ ಕತೆಗಳನ್ನು ಹೊರಗಿಡಿ. ಧಾರವಾಡದಲ್ಲಿ ಜಿ. ಬಿ. ಜೋಶಿಯವರು 1933ರಲ್ಲಿ ಆರಂಭಿಸಿದ ಮನೋಹರ ಗ್ರಂಥಮಾಲೆ ಎಂಬ ಪ್ರಕಾಶನದ ಹೆಸರು ಕನ್ನಡದಲ್ಲಿ ಇಂದಿಗೂ ತೂಕದ್ದಾಗಿರುವುದಕ್ಕೆ, ಪುಸ್ತಕಗಳನ್ನು ಅಚ್ಚು ಹಾಕಿಸಿದ್ದಷ್ಟೇ ಕಾರಣವಲ್ಲ. ಹಸ್ತಪ್ರತಿಯನ್ನು ಓದಿ ನಿಷ್ಠುರವಾಗಿ ಅಭಿಪ್ರಾಯ ಹೇಳುವವರು ‘ಅಟ್ಟ’ವೆಂದೇ ಹೆಸರಾದ ಅದರ ಕಚೇರಿಯಲ್ಲಿ ಕೂಡುತ್ತಿದ್ದರು. ನಿಮ್ಮ ಗದಗಿನವರೇ ಆದ ಕೀರ್ತಿನಾಥ ಕುರ್ತಕೋಟಿಯವರು ಅದರ ಸಾಹಿತ್ಯ ಸಲಹೆಗಾರರಾಗಿದ್ದರು. ಗಿರೀಶ ಕಾರ್ನಾಡರ ಮೊದಲ ನಾಟಕ 1961ರಲ್ಲಿ ಪ್ರಕಟವಾದದ್ದು ಅಲ್ಲಿಂದಲೇ. ಅಚ್ಚಿನ ಮನೆಗೆ ಹೋಗುವ ಮೊದಲು ಬರಹ ಇಂಥ ಓದುಗರ ಕೈ ದಾಟಬೇಕು. ನಿಮ್ಮ ಬಳಗ ಆ ಕೆಲಸವನ್ನು ತನ್ನ ಮಟ್ಟಿಗೆ ಮಾಡಬಲ್ಲದು.

ಹಾಗೆ ತಿದ್ದಿ ಸಿದ್ಧವಾದ ಬರಹಗಳು ಹೊರಗೆ ಹೋಗಬೇಕಾದ ದಾರಿಗಳು ಹತ್ತಿರದಲ್ಲೇ ಇವೆ. ಹುಬ್ಬಳ್ಳಿಯಿಂದ 1956ರಲ್ಲಿ ಆರಂಭವಾದ ‘ಕಸ್ತೂರಿ’ ಮಾಸಪತ್ರಿಕೆ ಇದೆ, ದಿನಪತ್ರಿಕೆಗಳ ರವಿವಾರದ ಪುರವಣಿಗಳಿವೆ, 1950ರಿಂದ ಪ್ರಸಾರ ನಡೆಸುತ್ತಿರುವ ಧಾರವಾಡ ಆಕಾಶವಾಣಿ ಇದೆ. ಬಾನುಲಿಗೆ ಬರೆಯುವವರು ವಾಕ್ಯಗಳನ್ನು ಚಿಕ್ಕದಾಗಿ, ಉಸಿರಿಗೆ ಸರಿಹೋಗುವಂತೆ ಕಟ್ಟಬೇಕಾಗುತ್ತದೆ; ಅದೂ ಒಂದು ಒಳ್ಳೆಯ ಅಭ್ಯಾಸ. ಯಾವುದಾದರೂ ತರುಣರ ಬಳಿ ಒಂದು ಪುಸ್ತಕಕ್ಕಾಗುವಷ್ಟು ಗಟ್ಟಿ ಬರಹ ಕೂಡಿದಾಗ, ಚೊಚ್ಚಲ ಕೃತಿಗಳಿಗೆ ಪ್ರೋತ್ಸಾಹಧನ ನೀಡುವ ಕನ್ನಡ ಪುಸ್ತಕ ಪ್ರಾಧಿಕಾರದ ಯೋಜನೆಗೆ ಅರ್ಜಿ ಹಾಕಲು ಬಳಗವೇ ನೆರವಾಗಲಿ. ತಿರಸ್ಕೃತವಾಗಿ ಮರಳಿದ ಬರಹಗಳನ್ನೂ ಬೈಠಕ್ಕಿನಲ್ಲಿ ಮುಚ್ಚುಮರೆಯಿಲ್ಲದೆ ಹೇಳಿಕೊಳ್ಳುವ ರೂಢಿ ಬೆಳೆದರೆ, ಹೊಸಬರ ಎದೆಗುಂದಿಕೆ ಅರ್ಧಕ್ಕರ್ಧ ಕಡಿಮೆಯಾಗುತ್ತದೆ.

ಕವಿಗೋಷ್ಠಿಯನ್ನು ಪೂರ್ತಿ ಕೈಬಿಡಿ ಎಂದು ನಾನು ಹೇಳುತ್ತಿಲ್ಲ. ಜನರೆದುರು ನಿಂತು ಓದುವ ಸಂತೋಷ ಸಣ್ಣದಲ್ಲ, ಮತ್ತು ಊರಿಗೂ ಅದು ಬೇಕು. ವರ್ಷಕ್ಕೊಮ್ಮೆಯೋ ಎರಡು ಸಲವೋ, ನವೆಂಬರಿನಲ್ಲಿ ಒಂದು, ಯುಗಾದಿಯ ಹೊತ್ತಿಗೆ ಒಂದು, ಎಂದು ಬಾಗಿಲು ತೆರೆದು ಇಟ್ಟುಕೊಳ್ಳಿ. ಹಳೆಯ ಇಪ್ಪತ್ತೈದು ಜನರನ್ನೂ ಕರೆಯಿರಿ. ತಿಂಗಳ ಬೈಠಕ್ಕಿನಲ್ಲಿ ಅತಿಥಿ, ಅಧ್ಯಕ್ಷರು, ಸನ್ಮಾನ, ಛಾಯಾಚಿತ್ರ ಯಾವುದೂ ಬೇಡ. ಎರಡನ್ನೂ ಒಂದೇ ದಿನ ಒಂದೇ ಕೊಠಡಿಯಲ್ಲಿ ನಡೆಸಲು ಹೋದ ಬಳಗಗಳಲ್ಲಿ ತಿದ್ದುವ ಕೆಲಸವೇ ಮೊದಲು ನಿಂತುಹೋಗುವುದನ್ನು ನಾನು ಪದೇಪದೇ ಕಂಡಿದ್ದೇನೆ.

ಇನ್ನು ನೋಂದಣಿ. 1960ರ ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮದಂತೆ ಏಳು ಜನ ಸೇರಿದರೆ ಸಂಘವನ್ನು ನೋಂದಾಯಿಸಬಹುದು, ಸಂಖ್ಯೆಯ ಅಡ್ಡಿ ನಿಮಗಿಲ್ಲ. ಆದರೆ ಆಮೇಲೆ ಪ್ರತಿವರ್ಷ ಸರ್ವಸಾಧಾರಣ ಸಭೆ, ಲೆಕ್ಕಪತ್ರ, ಪದಾಧಿಕಾರಿಗಳ ಪಟ್ಟಿಯ ಸಲ್ಲಿಕೆ ಇವನ್ನೆಲ್ಲ ತಪ್ಪದೆ ನಡೆಸಬೇಕು. ಏಳು ಜನರಲ್ಲಿ ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಎಂದು ಪದವಿಗಳು ಹಂಚಿಕೆಯಾದ ಮೇಲೆ ಪದವಿ ಇಲ್ಲದೆ ಬರೆಯುವವರು ಎಷ್ಟು ಜನ ಉಳಿದಾರು? ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘ 1890ರಲ್ಲಿ ರಾ. ಹ. ದೇಶಪಾಂಡೆಯವರ ಮುಂದಾಳುತನದಲ್ಲಿ ಹುಟ್ಟಿ, 1896ರಲ್ಲಿ ‘ವಾಗ್ಭೂಷಣ’ ಪತ್ರಿಕೆಯನ್ನು ಆರಂಭಿಸಿ, ಇಂದಿಗೂ ನಡೆಯುತ್ತಿದೆ. ಒಂದು ನಾಡಿನ ಭಾಷೆಗಾಗಿ ದುಡಿಯುವ ಸಂಸ್ಥೆಗೆ ಅಂಥ ಚೌಕಟ್ಟು ಬೇಕು. ನಾಲ್ಕಾರು ಜನ ಒಬ್ಬರ ಕತೆಯನ್ನು ಒಬ್ಬರು ಓದುವುದಕ್ಕೆ ಒಂದು ಕೊಠಡಿ, ಒಂದು ದಿನದರ್ಶಿಕೆ, ಒಂದು ವಹಿ ಸಾಕು. ಮುಂದೆ ಅನುದಾನ ಪಡೆಯುವ ಕೆಲಸ, ಉದಾಹರಣೆಗೆ ಅಚ್ಚಿನ ಕಸುಬಿನವರ ನೆನಪುಗಳ ಪುಸ್ತಕ, ಕೈಗೆ ಬಂದಾಗ ನೋಂದಣಿಯನ್ನು ಯೋಚಿಸಿದರಾಯಿತು.

ಕೊನೆಯದಾಗಿ, ಈಗಾಗಲೇ ಬಂದಿರುವ ಹಣದ ಮಾತು. ಸಂಕಲನಕ್ಕೆಂದು ಯಾರಿಂದ ಎಷ್ಟು ಬಂದಿದೆಯೆಂದು ಬರೆದು, ಇದೇ ತಿಂಗಳು ಪೂರ್ತಿಯಾಗಿ ಮರಳಿಸಿ, ಸಹಿ ಪಡೆದುಕೊಳ್ಳಿ. ಅದನ್ನು ಬಳಗದ ಬೇರೆ ಖರ್ಚಿಗೆ ತಿರುಗಿಸಬೇಡಿ. ಕೊಡುವವರು ಒಪ್ಪಿದರೂ ಬೇಡ, ಏಕೆಂದರೆ ಒಪ್ಪದವರು ಬಾಯಿಬಿಟ್ಟು ಹೇಳುವುದಿಲ್ಲ. ಝೆರಾಕ್ಸ್ ಮತ್ತು ಚಹಾದ ಖರ್ಚನ್ನು ಆಯಾ ಬೈಠಕ್ಕಿನಲ್ಲಿ ಬಂದವರೇ ಹಂಚಿಕೊಳ್ಳಲಿ. ಸಂಕಲನಕ್ಕೆಂದು ಕೊಟ್ಟ ಬರಹಗಳನ್ನೂ ಹಣದ ಜೊತೆ ಮರಳಿಸಬೇಕು. ಬರೆದ ಕ್ಷಣದಿಂದಲೇ ಹಕ್ಕುಸ್ವಾಮ್ಯ ಬರೆದವರದ್ದು, ಅದಕ್ಕೆ ಯಾವ ನೋಂದಣಿಯೂ ಬೇಕಿಲ್ಲ, ಮತ್ತು ಅವರ ಲಿಖಿತ ಒಪ್ಪಿಗೆಯಿಲ್ಲದೆ ಬಳಗ ಅವನ್ನು ಮುಂದೆಂದೂ ಬಳಸುವಂತಿಲ್ಲ. ಬಿಟ್ಟುಹೋದ ಯುವತಿಯ ಹಣವೋ ಕತೆಯೋ ನಿಮ್ಮ ಬಳಿ ಉಳಿದಿದ್ದರೆ ಅದನ್ನು ಎಲ್ಲಕ್ಕಿಂತ ಮೊದಲು ತಲುಪಿಸಿ. ಮತ್ತೆ ಬನ್ನಿ ಎಂದು ಕೇಳುವ ಭೇಟಿ ಇನ್ನೊಂದು ದಿನಕ್ಕಿರಲಿ.